ಭಾವ ತಿರುಗಿಸಿಟ್ಟ ರಟ್ಟಿನ ತುಂಡು

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ನಲ್ಲಿ ತಯಾರಿಸುವ ಕಾರ್ಖಾನೆಯ ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಕೆಲಸದಲ್ಲಿದ್ದರು. ಶಿಫ್ಟು ಬಿಟ್ಟಾಗ ಹೊರಗೆ ಹೋಗುವವರ ಚೀಲ, ಊಟದ ಡಬ್ಬಿ, ಕೊಡೆ, ಬೂಟು ಎಲ್ಲವನ್ನೂ ನೋಡಬೇಕು. ಹಿತ್ತಾಳೆಯ ಚೂರೂ ಹೊರಗೆ ಹೋಗಬಾರದು. ಒಮ್ಮೆ ಒಬ್ಬನ ಕೈಗೆ ಸುತ್ತಿದ್ದ ಬ್ಯಾಂಡೇಜಿನ ಒಳಗಿಂದ ಅವರು ಹಿತ್ತಾಳೆ ತೆಗೆದಿದ್ದರು. ಅದಾದ ಮೇಲೆ ನಿಜವಾಗಿ ಗಾಯವಾದವರೂ ಅವರ ಮುಂದೆ ಪಟ್ಟಿ ಬಿಚ್ಚಿ ತೋರಿಸಬೇಕಾಯಿತು.

ಆ ಕೆಲಸ ಅವರ ಮೈಗೆ ಹತ್ತಿತೋ, ಮೈಯಲ್ಲಿದ್ದ ಗುಣಕ್ಕೆ ಆ ಕೆಲಸ ಸಿಕ್ಕಿತೋ, ನನಗೆ ಗೊತ್ತಿಲ್ಲ. ನಾನು ಅವರ ಮನೆಗೆ ಹೋದರೆ ಬಾ ಅನ್ನುವ ಮೊದಲು ಅವರ ಕಣ್ಣು ನನ್ನ ಕೈಚೀಲದ ತಳಕ್ಕೆ ಹೋಗುತ್ತಿತ್ತು. ಹಾಲು ತಂದರೆ ಮೂಸುವರು. ಮಾತ್ರೆ ತಂದರೆ ಹಿಂದೆ ತಿರುಗಿಸಿ ತಾರೀಖು ನೋಡುವರು, ಆಮೇಲೆ ಆ ತಾರೀಖನ್ನು ಉಗುರಿನಿಂದ ಕೆರೆದು ನೋಡುವರು.

"ನಿಮ್ಮ ಭಾವ ಕನ್ನಡಿ ಮುಂದೆ ನಿಂತ್ರೂ ಹಿಂದೆ ಯಾರಿದಾರೆ ಅಂತ್ಲೇ ನೋಡೋದು" ಅನ್ನುತ್ತಿದ್ದಳು ಅಕ್ಕ.

"ಇದ್ರೆ?" ಅನ್ನುವರು ಭಾವ. ನಗುತ್ತಿರಲಿಲ್ಲ.

ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅಕ್ಕ ಹಾಸಿಗೆ ಹಿಡಿದಾಗ ಅಡುಗೆ ಮಾಡಿ, ಪಾತ್ರೆ ತೊಳೆದು, ಅವಳ ತಲೆ ಬಾಚಿ ಕೆಲಸಕ್ಕೆ ಹೋದವರು. ಆದರೆ ನಂಬಿಕೆ ಅನ್ನುವುದು ಮಾತ್ರ ಅವರ ಕೈಯಿಂದ ಸಲೀಸಾಗಿ ಬಿಟ್ಟು ಬರುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ನಾವೆಲ್ಲ ಪುಟ್ಟಿ ಅಂತ ಕರೆಯುತ್ತೇವೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಸಂಜೆ ಗಿಟಾರ್ ನುಡಿಸುತ್ತಾಳೆ. ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಒಂದು ಅವಳ ಹತ್ತಿರ ಇತ್ತು. ಅದು ಕೆಟ್ಟಿತು. ರಿಪೇರಿಗೆ ಕೊಟ್ಟಳು. ರಿಪೇರಿಯವನು ಬಿಚ್ಚಿ ನೋಡಿ, ಇದರಲ್ಲಿ ಏನೂ ಹುರುಳಿಲ್ಲ, ಹಳೇ ರೇಡಿಯೋದಲ್ಲಿರುತ್ತಿದ್ದ ಹಾಗಿನ ಗಾಜಿನ ವಾಲ್ವ್ ಹಾಕಿ ಹೊಸದೊಂದು ಮಾಡಿಕೊಡುತ್ತೇನೆ ಅಂದನಂತೆ. ಅದರ ಮಾತಿಗೆ ಅಂತ ಹೋಗಿ ಬಂದು, ಹೋಗಿ ಬಂದು, ಒಂದು ದಿನ ಮನೆಯಲ್ಲಿ ಹೇಳಿದಳು, ಮದುವೆಯಾದರೆ ಅವನನ್ನೇ ಅಂತ.

ಆ ದಿನ ನಾನೂ ಅಲ್ಲಿದ್ದೆ. ಭಾವ ಶೂ ಬಿಚ್ಚುತ್ತಿದ್ದರು. ಒಂದು ಕಾಲಿನದು ಬಿಚ್ಚಿ ಇನ್ನೊಂದನ್ನು ಹಾಗೇ ಬಿಟ್ಟರು.

"ಏನು ಕೆಲಸ?"

"ಸ್ಪೀಕರು, ಆಂಪ್ಲಿಫೈಯರು ರಿಪೇರಿ. ಸ್ವಂತ ಅಂಗಡಿ."

"ಮಾತು ಹೇಗೆ?"

"ಮಾತು ಕಮ್ಮಿ ಅಪ್ಪ."

"ಯಾಕೆ ಕಮ್ಮಿ?"

ಪುಟ್ಟಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಆ ದಿನದಿಂದ ಭಾವ ಅವನನ್ನು 'ಸ್ಪೀಕರ್' ಅನ್ನತೊಡಗಿದರು. ಅಕ್ಕನ ಬಾಯಲ್ಲೂ ಅದೇ ನಿಂತಿತು.

ಭಾವ ಆಗಲಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನ ಅಂಗಡಿಯ ಎದುರಿನ ಬಸ್ ಸ್ಟಾಪಿನಲ್ಲಿ ಹೋಗಿ ಕೂತು ಬಂದರು. ಪಕ್ಕದ ಸೈಕಲ್ ಅಂಗಡಿಯವನ ಹತ್ತಿರ ಪಂಪು ಕೇಳುವ ನೆವದಲ್ಲಿ ವಿಚಾರಿಸಿದರು. ಕುಡಿತ ಇಲ್ಲ, ಜಗಳ ಇಲ್ಲ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುತ್ತಾನೆ. ಏನೂ ಸಿಗದೇ ಹೋದದ್ದೇ ಅವರ ಅನುಮಾನಕ್ಕೆ ದೊಡ್ಡ ಕಾರಣವಾಯಿತು.

"ಪೂರ್ತಿ ಖಾಲಿ ಇರೋ ಚೀಲ ನಾನು ಇಲ್ಲೀತನಕ ನೋಡಿಲ್ಲ" ಅಂದರು ನನ್ನ ಹತ್ತಿರ.

ಕಡೆಗೆ ಒಂದು ಮಾತು ಹೇಳಿದರು. ಆ ಆಂಪ್ಲಿಫೈಯರ್ ನಮ್ಮ ಮನೆಯಲ್ಲೇ ತಯಾರಾಗಲಿ, ನಮ್ಮ ಮೇಜಿನ ಮೇಲೆ, ನನ್ನ ಕಣ್ಣ ಮುಂದೆ. ಕೆಲಸ ಮಾಡುವಾಗ ಮನುಷ್ಯ ಏನೂ ಮುಚ್ಚಿಡಲಾರ. ಅದು ಮುಗಿದ ಮೇಲೆ ನನ್ನ ಉತ್ತರ ಹೇಳುತ್ತೇನೆ.

ಪುಟ್ಟಿಯ ಮದುವೆ ಹಾಗೆ ಒಂದು ತಗಡಿನ ಪೆಟ್ಟಿಗೆಗೆ ಗಂಟು ಬಿತ್ತು. ಆ ತಗಡು ನನ್ನ ಪಾಲಿಗೆ ಬಂತು. ನಾನು ತಗಡಿನ ಕೆಲಸದವನು. ಗಾಳಿಯ ಕೊಳವೆ, ಮೀಟರ್ ಬಾಕ್ಸು, ನೀರಿನ ತೊಟ್ಟಿ, ಯಾರು ಎಲ್ಲಿ ಗೀಟು ಎಳೆದು ಕೊಡುತ್ತಾರೋ ಅಲ್ಲಿ ಕತ್ತರಿಸಿ ಮಡಚಿ ಕೊಡುತ್ತೇನೆ.

ಸ್ಪೀಕರ್ ಭಾನುವಾರ ಬೆಳಿಗ್ಗೆ ಬರುತ್ತಿದ್ದ. ಉದ್ದನೆಯ ಆಳು, ಕೈಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆಗಳು. ಬಂದವನೇ ತನ್ನ ಚೀಲವನ್ನು ಬಾಯಿ ತೆರೆದು ಬಾಗಿಲ ಹತ್ತಿರ ಇಟ್ಟ. ಪುಟ್ಟಿ ಹೇಳಿಕೊಟ್ಟಿರಬೇಕು. ಭಾವ ಅದರ ಹತ್ತಿರವೂ ಹೋಗಲಿಲ್ಲ.

"ಬಿಚ್ಚಿಟ್ಟ ಚೀಲ ನೋಡೋದೇನಿದೆ" ಅಂದರು ನನ್ನ ಕಿವಿಯಲ್ಲಿ. "ಕಳ್ಳರೇ ಮೊದಲು ಬಿಚ್ಚೋದು."

ಊಟದ ಮೇಜಿನ ಮೇಲೆ ಅವನು ಒಂದು ದೊಡ್ಡ ಕಾಗದ ಹರಡಿದ. ಅದು ತಗಡಿನ ಜಾಗಕ್ಕೆ. ಅದನ್ನು ಅವರು ಚಾಸಿ ಅನ್ನುತ್ತಾರೆ. ಮಡಚಿದ ತಟ್ಟೆಯ ಹಾಗಿರುವ ತಗಡು, ಮೇಲೆ ಭಾರದ ಸಾಮಾನು ಕೂರುತ್ತದೆ, ಒಳಗೆ ವೈರು ಓಡುತ್ತದೆ. ಸಾಮಾನು ಇನ್ನೂ ಬಂದಿರಲಿಲ್ಲ. ಟ್ರಾನ್ಸ್‌ಫಾರ್ಮರ್‌ಗಳನ್ನು ಸುತ್ತಲು ಕೊಟ್ಟಿದ್ದ. ಹಾಗಾಗಿ ಪ್ರತಿಯೊಂದಕ್ಕೂ ಅದರ ಅಳತೆಗೆ ರಟ್ಟು ಕತ್ತರಿಸಿ ತಂದಿದ್ದ. ದೊಡ್ಡ ಟ್ರಾನ್ಸ್‌ಫಾರ್ಮರ್, ಚಿಕ್ಕ ಟ್ರಾನ್ಸ್‌ಫಾರ್ಮರ್, ವಾಲ್ವ್‌ಗಳಿಗೆ ದುಂಡನೆಯವು, ಫ್ಯೂಸು, ಸ್ವಿಚ್ಚು, ಗಿಟಾರಿನ ವೈರು ಚುಚ್ಚುವ ತೂತು. ಅವನ್ನು ಕಾಗದದ ಮೇಲೆ ಸರಿಸಿ, ನೋಡಿ, ಮತ್ತೆ ಸರಿಸಿ, ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಿದ್ದ.

ಭಾವ ಎದುರು ಕುರ್ಚಿಯಲ್ಲಿ.

"ಇವೆರಡು ಯಾಕೆ ಹೀಗೆ? ಒಂದು ಅಡ್ಡ, ಒಂದು ಉದ್ದ?"

"ಗೋಡೆಯಿಂದ ಕರೆಂಟು ಬರೋದು ಈ ದೊಡ್ಡದಕ್ಕೆ ಸರ್. ಅದು ಸುಮ್ನೆ ಕೂರಲ್ಲ. ಅದರ ಗುಂಯ್ ಅನ್ನೋದು ಸುತ್ತ ಹರಡುತ್ತೆ. ಚಿಕ್ಕದು ಸ್ಪೀಕರಿಗೆ ಹೋಗೋದು. ಎರಡೂ ಒಂದೇ ದಿಕ್ಕಿಗಿದ್ರೆ ದೊಡ್ಡದರ ಗುಂಯ್‌ನ ಚಿಕ್ಕದು ಎಳ್ಕೊಳ್ಳುತ್ತೆ. ಗಿಟಾರ್ ಮುಟ್ಟದೇ ಇದ್ರೂ ಕೇಳ್ತಾ ಇರುತ್ತೆ."

"ಅಂದ್ರೆ ಒಂದಕ್ಕೊಂದು ಮುಖ ತಿರುಗಿಸ್ಕೊಂಡು ಕೂತ್ರೆ ಶಾಂತಿ."

"ಹೌದು ಸರ್."

"ನಮ್ಮನೇಲೂ ಅದೇ ಲೆಕ್ಕ" ಅಂದಳು ಅಕ್ಕ ಒಳಗಿಂದ.

ಸ್ಪೀಕರ್ ನಕ್ಕ. ಭಾವ ಅವನು ನಕ್ಕದ್ದನ್ನು ನೋಡಿಕೊಂಡರು.

ಅವತ್ತು ಮುಗಿಯಲಿಲ್ಲ. ಮುಂದಿನ ಭಾನುವಾರವೂ ಮುಗಿಯಲಿಲ್ಲ. ಅಕ್ಕ ಮೇಜಿನ ಮೇಲೆ ಬಟ್ಟೆ ಹೊದಿಸಿದಳು. ತಟ್ಟೆ ತೊಡೆಯ ಮೇಲಿಟ್ಟುಕೊಂಡು ಊಟ ಮಾಡತೊಡಗಿದರು. ಅವನು ಬಂದಾಗಲೆಲ್ಲ ಒಂದಿಲ್ಲೊಂದು ತುಂಡು ಜಾಗ ಬದಲಿಸುತ್ತಿತ್ತು.

"ಹೋದ ವಾರ ಫ್ಯೂಸು ಎಡಗಡೆ ಇತ್ತಲ್ಲಪ್ಪಾ."

"ಸ್ವಿಚ್ಚಿನ ಪಕ್ಕ ಇದ್ರೆ ಕರೆಂಟಿನ ವೈರು ಎಲ್ಲಾ ಒಂದು ಮೂಲೇಲಿ ಮುಗಿಯುತ್ತೆ ಸರ್. ಗಿಟಾರಿನ ವೈರಿಂದ ದೂರ ಇರುತ್ತೆ."

"ಅದು ಹೋದ ವಾರ ಗೊತ್ತಿರಲಿಲ್ವಾ?"

"ಇಲ್ಲ ಸರ್. ಹೊಳೀಲಿಲ್ಲ."

ಭಾವ ನನ್ನನ್ನು ಮೆಟ್ಟಿಲ ತನಕ ಕಳಿಸಲು ಬಂದರು. "ಗೊತ್ತಿರಲಿಲ್ಲ ಅಂತ ಇಷ್ಟು ಸಲೀಸಾಗಿ ಹೇಳ್ತಾನೆ. ಏನಿದು?"

"ಗೊತ್ತಿರಲಿಲ್ಲ ಅಂತಲೇ ಇರಬಹುದು ಭಾವ."

"ನಿನಗೂ ಅವನ ಗಾಳಿ ಬಡಿದಿದೆ."

ಗೇಟಿನಲ್ಲಿ ಒಂದು ಪದ್ಧತಿ ಇತ್ತು. ಭಾವನ ಮೇಲಿನ ಅಧಿಕಾರಿ ಆಗಾಗ ಒಬ್ಬ ಕೆಲಸದವನನ್ನು ಕರೆದು, ಅವನ ಒಪ್ಪಿಗೆಯಿಂದಲೇ ಅವನ ಚೀಲದಲ್ಲಿ ಹಿತ್ತಾಳೆಯ ತುಂಡೊಂದನ್ನು ಅಡಗಿಸಿ ಗೇಟಿಗೆ ಕಳಿಸುತ್ತಿದ್ದ. ತಪಾಸಣೆಯವನು ಅದನ್ನು ಹಿಡಿಯಬೇಕು. ಅದು ಕಣ್ಣು ತಪ್ಪಿ ಹೋದರೆ ತಪಾಸಣೆಯವನನ್ನು ಗೇಟಿನಿಂದ ತೆಗೆದು ಗೋದಾಮಿಗೆ ಹಾಕುವರು. ಪರೀಕ್ಷೆ ತುಂಡು ಅನ್ನುತ್ತಿದ್ದರು ಅದಕ್ಕೆ. ಭಾವನ ಕೈಯಿಂದ ಅದು ಒಮ್ಮೆಯೂ ದಾಟಿಹೋಗಿರಲಿಲ್ಲ.

ಅದನ್ನೇ ಅವರು ಮನೆಯಲ್ಲಿ ಮಾಡಿದರು. ನನಗೆ ಇದು ತಿಳಿದದ್ದು ಆಮೇಲೆ. ಒಂದು ಶನಿವಾರ ಸಂಜೆ, ಅಕ್ಕ ತರಕಾರಿಗೆ ಹೋಗಿದ್ದಾಗ, ಬಟ್ಟೆ ಎತ್ತಿ ಚಿಕ್ಕ ಟ್ರಾನ್ಸ್‌ಫಾರ್ಮರಿನ ರಟ್ಟನ್ನು ತಿರುಗಿಸಿಟ್ಟರು. ಅಡ್ಡ ಇದ್ದದ್ದು ಉದ್ದವಾಯಿತು. ಈಗ ಎರಡೂ ಒಂದೇ ದಿಕ್ಕಿಗೆ. ಬಟ್ಟೆಯನ್ನು ಮೊದಲಿನ ಹಾಗೇ ಹೊದಿಸಿದರು. ತಾನೇ ಹೇಳಿದ ನಿಯಮ ತಪ್ಪಿದ್ದು ಅವನ ಕಣ್ಣಿಗೆ ಬೀಳುತ್ತದೋ ಇಲ್ಲವೋ ನೋಡಬೇಕು, ಅಷ್ಟೇ. ಬಿದ್ದರೆ ಮಗಳನ್ನು ಕೊಡಬಹುದು. ಬೀಳದಿದ್ದರೆ, ಕಣ್ಣ ಮುಂದಿನದು ಕಾಣದವನು ಮುಂದೆ ಸಂಸಾರದಲ್ಲಿ ಏನು ಕಾಣುತ್ತಾನೆ.

ಭಾನುವಾರ ಸ್ಪೀಕರ್ ಬಂದು ಬಟ್ಟೆ ತೆಗೆದ. ನಾನು ಸ್ವಲ್ಪ ತಡವಾಗಿ ಹೋಗಿದ್ದೆ, ಬಾಗಿಲಲ್ಲಿದ್ದೆ. ಅವನ ಕೈ ಅರ್ಧಕ್ಕೆ ನಿಂತದ್ದನ್ನು ನಾನೂ ಕಂಡೆ. ಆಮೇಲೆ ಭಾವನ ಕಡೆ ಅಲ್ಲ, ಅಕ್ಕನ ಕಡೆ ಅಲ್ಲ, ಪುಟ್ಟಿಯ ಕಡೆ ನೋಡಿದ.

"ಪೆನ್ಸಿಲ್ ಕೆಳಗೆ ಗಾಡೀಲಿ ಬಿಟ್ಟು ಬಂದೆ" ಅಂದ.

ಪುಟ್ಟಿ ಅವನ ಹಿಂದೆ ಇಳಿದು ಹೋದಳು. ಭಾವ ಮೇಜಿನ ಮೇಲೆ ಬೆರಳು ಕುಟ್ಟುತ್ತ ಕೂತರು. ಇಬ್ಬರೂ ಬಂದರು. ಅವನು ಕೂತ. ಚಿಕ್ಕ ಟ್ರಾನ್ಸ್‌ಫಾರ್ಮರಿನ ರಟ್ಟನ್ನು ಬೆರಳಿನಿಂದ ಒಂದಿಷ್ಟು ಆಚೆ ತಳ್ಳಿದ, ದೊಡ್ಡದರಿಂದ ದೂರಕ್ಕೆ. ದಿಕ್ಕು ಬದಲಿಸಲಿಲ್ಲ. ಪ್ರತಿ ತುಂಡಿನ ಸುತ್ತ ಗೀಟು ಎಳೆದ.

"ಮುಗೀತಾ?" ಅಂದರು ಭಾವ.

"ಮುಗೀತು ಸರ್."

"ಇನ್ನು ಬದಲಾಯಿಸೋದಿಲ್ವಾ? ಎಲ್ಲಾ ನೋಡಿದ್ಯಾ?"

"ನೋಡಿದೆ ಸರ್."

ಭಾವ ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಖುಷಿಯೂ ಇರಲಿಲ್ಲ, ಬೇಜಾರೂ ಇರಲಿಲ್ಲ. ಗೇಟಿನಲ್ಲಿ ತುಂಡು ಸಿಕ್ಕಾಗ ಹೀಗೇ ಕಾಣುತ್ತಿದ್ದರೇನೋ.

ಕಾಗದ ನನ್ನ ಅಂಗಡಿಗೆ ಬಂತು. ನಾನು ಎಲ್ಲರಿಗೂ ಕೇಳುವುದನ್ನೇ ಅವನಿಗೂ ಕೇಳಿದೆ. "ಕಿಂಡಿ ಕೊರೆದ ಮೇಲೆ ತುಂಬೋಕಾಗಲ್ಲ. ಗೀಟು ಸರಿ ಇದೆಯಾ?"

ಅವನು ಸ್ವಲ್ಪ ಹೊತ್ತು ಕಾಗದ ನೋಡಿ, "ಕೊರೀರಿ ಅಣ್ಣಾ" ಅಂದ.

ಕೊರೆದೆ. ವಾಲ್ವ್‌ಗಳಿಗೆ ದುಂಡನೆಯ ತೂತು, ಟ್ರಾನ್ಸ್‌ಫಾರ್ಮರ್‌ಗಳಿಗೆ ಉದ್ದಚೌಕದ ಕಿಂಡಿ. ಆ ಟ್ರಾನ್ಸ್‌ಫಾರ್ಮರ್‌ಗಳು ಕಿಂಡಿಯಲ್ಲಿ ಅರ್ಧ ಇಳಿದು ಕೂರುವ ಜಾತಿಯವು. ಕಿಂಡಿ ಯಾವ ಕಡೆಗೆ ಉದ್ದವೋ ಆ ಕಡೆಗೇ ಕೂರಬೇಕು, ತಿರುಗಿಸಲು ಬರುವುದಿಲ್ಲ. ನಾಲ್ಕೂ ಬದಿ ಮಡಚಿ, ಅಂಚು ಅರದಿಂದ ತಿಕ್ಕಿ, ನಾನೇ ಒಯ್ದು ಕೊಟ್ಟೆ. ಭಾವ ಅದನ್ನು ಬೆಳಕಿಗೆ ಹಿಡಿದು ಪ್ರತಿ ತೂತಿನಿಂದಲೂ ನೋಡಿದರು. ಅದೇ ಹೊತ್ತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಒಳಗಿನ ವೈರು, ಬೆಸುಗೆ ಎಲ್ಲ ಮುಗಿಯಲು ಕೆಲವು ವಾರ ಹಿಡಿಯಿತು. ಮನೆಯೆಲ್ಲ ರಾಳದ ಹೊಗೆ. ಹೊತ್ತಿಸುವ ದಿನ ಅಕ್ಕ ನನ್ನನ್ನೂ ಕರೆದಳು. ಸದ್ದು ಹೊರಡುವ ಸ್ಪೀಕರ್ ಪೆಟ್ಟಿಗೆಯನ್ನು ಕುರ್ಚಿಯ ಮೇಲೆ ಇಟ್ಟಿದ್ದರು. ಪುಟ್ಟಿ ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವನು ಸ್ವಿಚ್ಚು ಹಾಕಿದ. ವಾಲ್ವ್‌ಗಳ ಒಳಗೆ ನಿಧಾನವಾಗಿ ಕೆಂಪು ಬಂತು.

ಅದರ ಹಿಂದೆಯೇ ಗುಂಯ್ ಬಂತು.

ಅವನು ಸದ್ದಿನ ಗುಂಡಿಯನ್ನು ಪೂರ್ತಿ ಇಳಿಸಿದ. ಗುಂಯ್ ಇಳಿಯಲಿಲ್ಲ. ಮೊದಲ ವಾಲ್ವ್ ಕಿತ್ತ. ಆಗಲೂ ಇತ್ತು. ಇನ್ನೇನೂ ಕೀಳಲಿಲ್ಲ. ಕೈ ತೊಡೆಯ ಮೇಲಿಟ್ಟು ಕೂತುಬಿಟ್ಟ.

"ಯಾಕೆ ಹೀಗೆ?" ಅಂದರು ಭಾವ.

"ಎರಡೂ ಒಂದೇ ದಿಕ್ಕಿಗಿದೆ ಸರ್."

"ಒಂದು ಅಡ್ಡ, ಒಂದು ಉದ್ದ ಅಂತ ಹೇಳಿದ್ದು ಯಾರು?"

"ನಾನೇ."

"ಮತ್ತೆ ಹೇಗೆ ತಿರುಗ್ತು?"

ಭಾವ ಎದ್ದು ನಿಂತರು. ಅವರು ಬಹಳ ದಿನದಿಂದ ಸಿದ್ಧ ಮಾಡಿಟ್ಟುಕೊಂಡ ಮಾತು ಅದು ಅಂತ ಕೇಳಿದರೇ ತಿಳಿಯುತ್ತಿತ್ತು.

"ನಾನು ಹೇಳ್ತೀನಿ. ನಾನೇ ತಿರುಗಿಸಿಟ್ಟಿದ್ದು. ನಿನ್ನ ಕಣ್ಣಿಗೆ ಬೀಳುತ್ತಾ ನೋಡೋಣ ಅಂತ. ಬೀಳಲಿಲ್ಲ. ನನ್ನ ಮನೇಲಿ, ನೀನೇ ಇಟ್ಟ ತುಂಡು, ನಿನ್ನ ಮೂಗಿನ ಕೆಳಗೆ. ನಾಳೆ ನನ್ನ ಮಗಳನ್ನ ಹೇಗೆ ನೋಡ್ಕೋತೀಯ?"

ಯಾರೂ ಸ್ವಿಚ್ಚು ಆರಿಸಲಿಲ್ಲ. ಗುಂಯ್ ಅನ್ನುತ್ತಲೇ ಇತ್ತು. ಸ್ಪೀಕರ್ ಭಾವನ ಕಡೆ ತಿರುಗಲೇ ಇಲ್ಲ. ಅವನು ಪುಟ್ಟಿಯನ್ನು ನೋಡುತ್ತಿದ್ದ.

"ನೀನೇ ತಿರುಗಿಸಿದ್ದು ಅಂದ್ಯಲ್ಲ."

ಪುಟ್ಟಿ ಗಿಟಾರಿನ ಪಟ್ಟಿ ಹಿಡಿದುಕೊಂಡಳು.

"ಕೆಳಗೆ ಕೇಳಿದೆ ನಾನು. ಯಾರು ತಿರುಗಿಸಿದ್ದು ಅಂತ. ನೀನು, ನಾನೇ, ವೈರು ಹೀಗೆ ಬಂದ್ರೆ ನೇರ ಇರುತ್ತೆ ಅಂದೆ."

"ಅಪ್ಪ ತಿರುಗಿಸೋದನ್ನ ನೋಡಿದ್ದೆ" ಅಂದಳು ಪುಟ್ಟಿ. "ಕೆಲಸದಿಂದ ಬಂದೆ, ಬಾಗಿಲು ಸ್ವಲ್ಪ ತೆಗೆದಿತ್ತು. ಅಪ್ಪ ಅಂತ ಹೇಳಿದ್ರೆ ನೀನು ಮೇಲೆ ಬಂದು ಅವರನ್ನೇ ಕೇಳ್ತಿದ್ದೆ. ಅಪ್ಪ ಎಲ್ಲರ ಮುಂದೆ ಸಿಕ್ಕಿಬೀಳ್ತಿದ್ರು. ಆಮೇಲೆ ಒಪ್ತಿದ್ರಾ? ನೀನು ಸುಮ್ನೆ ಮೊದಲಿನ ಹಾಗೆ ಇಡ್ತೀಯ ಅಂದ್ಕೊಂಡೆ."

"ನೀನು ಬೇಕು ಅಂದಿದ್ದನ್ನ ನಾನು ಯಾಕೆ ತಿರುಗಿಸ್ಲಿ? ಸ್ವಲ್ಪ ದೂರ ಇಟ್ರೆ ಕೇಳಿಸಲಿಕ್ಕಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಕೇಳಿಸುತ್ತೆ ಅಂತ ಒಳಗೆ ಗೊತ್ತಿತ್ತು. ನಿನ್ನ ಮಾತು ಅಂತ ಬಿಟ್ಟೆ."

ಅವನು ಸ್ವಿಚ್ಚು ಆರಿಸಿದ. ಆಮೇಲೆ ತನ್ನ ಸಾಮಾನನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ಬೆಸುಗೆಯ ಕೋಲು ಇನ್ನೂ ಬಿಸಿ ಇತ್ತು. ಅದು ಆರುವ ತನಕ ನಿಂತಿದ್ದು, ಸುತ್ತಿ ಇಟ್ಟುಕೊಂಡು ಇಳಿದು ಹೋದ.

ಅಕ್ಕ ಕುರ್ಚಿಗಳನ್ನು ಮೇಜಿನ ಹತ್ತಿರ ಎಳೆದಳು. ಎಳೆಯುವ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು.

"ಅವನ ಚೀಲಕ್ಕೆ ಅಂತ ಹಾಕಿದ್ರಿ. ಮಗಳ ಚೀಲದಲ್ಲಿ ಸಿಕ್ತು. ಬರ್ಕೊಳ್ಳಿ ನಿಮ್ಮ ಲೆಕ್ಕಕ್ಕೆ" ಅಂದಳು.

ಮುಂದಿನ ಭಾನುವಾರ ಅವನು ಬರಲಿಲ್ಲ. ಪುಟ್ಟಿ ಅಪ್ಪನ ಹತ್ತಿರ ಜಗಳ ಮಾಡಲಿಲ್ಲ. ಕೇಳಿದ್ದಕ್ಕೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಸಂಜೆ ಅವಳು ತಡವಾಗಿ ಬಂದಾಗ ಭಾವ, "ಎಲ್ಲಿದ್ದೆ?" ಅಂದರಂತೆ. ಅವಳು ತನ್ನ ಚೀಲವನ್ನು ಅವರ ಮುಂದೆ ಮೇಜಿನ ಮೇಲೆ ಬೋರಲು ಹಾಕಿದಳು. ಬಾಚಣಿಗೆ, ಗಾಜು ಒರೆಸುವ ಬಟ್ಟೆ, ಗಿಟಾರಿನ ತಂತಿಯ ಸುರುಳಿ, ತಿಂದುಳಿದ ಬಿಸ್ಕತ್ತು. ಹಾಕಿ ಒಳಗೆ ಹೋದಳು. ಭಾವ ಒಂದೊಂದನ್ನೂ ಎತ್ತಿ ಚೀಲಕ್ಕೆ ತುಂಬಿದರು. ಬಿಸ್ಕತ್ತಿನ ಪುಡಿಯನ್ನೂ ಅಂಗೈಗೆ ಬಳಿದು ತೆಗೆದರು ಅಂತ ಅಕ್ಕ ಹೇಳಿದಳು. "ನಾನು ನೋಡಲಿಲ್ಲ ಅನ್ನೋ ಹಾಗೆ ಅಡುಗೆಮನೇಲೇ ನಿಂತ್ಕೊಂಡೆ ಕಣೋ. ಪಾಪ ಅನ್ನಿಸ್ತು. ಸಿಟ್ಟೂ ಬಂತು."

ಆ ವಾರವೇ ಭಾವ ನನ್ನ ಅಂಗಡಿಗೆ ಬಂದರು. ಕತ್ತರಿಸಿದ ತಗಡಿನ ಚೂರುಗಳ ನಡುವೆ ಕಾಲಿಡಲು ಜಾಗ ನೋಡುತ್ತ ನಿಂತರು.

"ಹೊಸ ಚಾಸಿ ಬೇಕು."

"ಮಾಡೋಣ ಭಾವ. ಗೀಟು ಯಾರು ಎಳೀತಾರೆ?"

ಅವರು ಒಂದು ಚೂರನ್ನು ಎತ್ತಿ ಅಂಚು ಮುಟ್ಟಿ ನೋಡಿದರು.

"ನಾನು ಹೋದ್ರೆ ಬಾಗಿಲು ತೆಗೀತಾನಾ?"

"ಅದು ಅಂಗಡಿ ಭಾವ. ಬಾಗಿಲು ತೆಗೆದೇ ಇರುತ್ತೆ."

"ನೀನೂ ಬಾ."

ಅವನ ಅಂಗಡಿ ಒಂದೇ ಕೋಣೆ. ಗೋಡೆಯ ಉದ್ದಕ್ಕೂ ಸ್ಪೀಕರಿನ ಕಪ್ಪು ಕಾಗದದ ಬುಟ್ಟಿಗಳು ಒಂದರ ಮೇಲೊಂದು. ಅವನು ನಮ್ಮನ್ನು ನೋಡಿ ಎದ್ದ. ಕೂತುಕೊಳ್ಳಿ ಅಂದ. ನಗಲಿಲ್ಲ. ಭಾವ ಕ್ಷಮೆ ಕೇಳಿ ಅಭ್ಯಾಸ ಇರುವವರಲ್ಲ. ಕೂತು, ಮೊಣಕಾಲ ಮೇಲೆ ಕೈ ಇಟ್ಟು, "ನನ್ನಿಂದ ಕೆಟ್ಟಿದ್ದು. ಸರಿ ಮಾಡೋಣ" ಅಂದರು.

"ಬಿಚ್ಚಿ ತಂದ್ರೆ ಮಾಡ್ತೀನಿ ಸರ್."

ಬಿಚ್ಚಿಯೇ ತಂದಿದ್ದರು. ಬಟ್ಟೆಯಲ್ಲಿ ಸುತ್ತಿ, ಎರಡೂ ಟ್ರಾನ್ಸ್‌ಫಾರ್ಮರ್. ಅವನು ಅವನ್ನು ಕೈಯಲ್ಲಿ ತೂಗಿ ನೋಡಿ ಒಂದು ಮರದ ಹಲಗೆಯ ಮೇಲೆ ಇಟ್ಟ. ಈ ಸಲ ರಟ್ಟು ಬೇಡ ಅಂದ. ದೊಡ್ಡದಕ್ಕೆ ಮಾತ್ರ ಕರೆಂಟು ಕೊಟ್ಟ. ಚಿಕ್ಕದನ್ನು ಯಾವುದಕ್ಕೂ ಸೇರಿಸಲಿಲ್ಲ. ಅದರಿಂದ ಸ್ಪೀಕರಿಗೆ ಹೋಗುವ ಎರಡು ವೈರನ್ನು ಕಿವಿಗೆ ಹಾಕುವ ಹೆಡ್‌ಫೋನಿಗೆ ಕೊಟ್ಟ. ದೊಡ್ಡದರ ಗುಂಯ್ ಗಾಳಿಯಲ್ಲೇ ಹಾದು ಚಿಕ್ಕದಕ್ಕೆ ಎಷ್ಟು ಬರುತ್ತದೋ ಅಷ್ಟೂ ಕಿವಿಗೆ ಕೇಳುತ್ತದೆ.

ಹೆಡ್‌ಫೋನನ್ನು ಭಾವನ ಕೈಗೆ ಕೊಟ್ಟ. "ನೀವು ಕೇಳಿ ಸರ್. ನಾನು ತಿರುಗಿಸ್ತೀನಿ. ಎಲ್ಲಿ ಸದ್ದು ಹೋಗುತ್ತೋ ಅಲ್ಲಿ ನಿಲ್ಸು ಅನ್ನಿ."

ಭಾವ ಮೊದಲು ಅದರ ಎರಡೂ ಬಟ್ಟಲುಗಳ ಒಳಗೆ ಬೆರಳು ಹಾಕಿ ನೋಡಿದರು. ಆಮೇಲೆ ಕಿವಿಗೆ ಹಾಕಿ ಕಣ್ಣು ಮುಚ್ಚಿದರು. ಅವನು ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಹಲಗೆಯ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದ.

"ಇದೆ" ಅಂದರು ಭಾವ. "ಇದೆ. ಇದೆ. ಕಮ್ಮಿ ಆಯ್ತು. ಇನ್ನೂ ಕಮ್ಮಿ. ಹೋಯ್ತು, ನಿಲ್ಸು."

ಅದು ಸರಿಯಾಗಿ ಅಡ್ಡವೂ ಅಲ್ಲ. ಸ್ವಲ್ಪ ಓರೆ. ಪೆನ್ಸಿಲ್ ಅವನ ಕಿವಿಯ ಮೇಲೇ ಇತ್ತು. ಗೀಟು ಎಳೆಯುತ್ತಾನೆ ಅಂದುಕೊಂಡೆ. ಎಳೆಯಲಿಲ್ಲ. ಭಾವನ ತಲೆಯಿಂದ ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡ. ಟ್ರಾನ್ಸ್‌ಫಾರ್ಮರನ್ನು ಪೂರ್ತಿ ಬೇರೆ ಕಡೆಗೆ ತಿರುಗಿಸಿ, ಮೊದಲಿಂದ ಹುಡುಕಿಕೊಂಡು ಬಂದ. ಅಲ್ಲಿಗೇ ಬಂದು ನಿಂತ. ಮತ್ತೆ ಕೆಡಿಸಿದ. ಮತ್ತೆ ಬಂದ. ಆಮೇಲೆ ನನ್ನ ಕಡೆ ಚಾಚಿದ. "ಅಣ್ಣಾ, ನೀವೂ ಒಂದ್ಸಲ."

ನಾನು ಕೇಳಿದೆ. ಏನೂ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೂತ ಹಾಗಿತ್ತು. ತಲೆ ಆಡಿಸಿದೆ. ಆಗ ಗೀಟು ಎಳೆದ.

ರಸ್ತೆಗೆ ಬಂದ ಮೇಲೆ ಭಾವ ನಿಂತರು. "ನೋಡಿದ್ಯಾ? ನನ್ನ ಮಾತು ನಂಬಲಿಲ್ಲ ಅವನು."

ನೊಂದುಕೊಂಡರೇನೋ ಅಂತ ನಾನು, "ಕೆಲಸದ ವಿಷಯ ಭಾವ, ಮನಸ್ಸಿಗೆ ಹಚ್ಕೋಬೇಡಿ" ಅಂದೆ.

"ಹಚ್ಕೊಳ್ಳೋದೇನು? ಈಗ ಸರಿ ಇದಾನೆ. ಇಂಥವನೇ ಬೇಕಿತ್ತು. ಮೊದಲು ಯಾರು ಏನು ಅಂದ್ರೂ ಹೂಂ ಅಂತಿದ್ದ."

"ಯಾರು ಅಂದ್ರೂ ಅಲ್ಲ ಭಾವ. ಅವಳು ಅಂದ್ರೆ."

ಅವರು ಆ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ. ದಾರಿಯುದ್ದಕ್ಕೂ ಅವನು ಮೂರು ಕಿವಿಯಲ್ಲಿ ಪರೀಕ್ಷೆ ಮಾಡಿಸಿದ್ದನ್ನೇ ಹೇಳುತ್ತ ನಡೆದರು. ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಹೋಗಿ, ನನ್ನ ಒಪ್ಪಿಗೆ ಇದೆ ಅಂದರು. ಅಕ್ಕ ಪುಟ್ಟಿಯ ಮುಖ ನೋಡಿದಳು.

"ಈಗ ಅವನು ಒಪ್ಪಬೇಕಲ್ಲ ಅಪ್ಪ" ಅಂದಳು ಪುಟ್ಟಿ.

ಅವಳೇ ಹೋದಳು. ಅವರಿಬ್ಬರ ನಡುವೆ ಏನು ಮಾತಾಯಿತು ನಮಗೆ ಗೊತ್ತಿಲ್ಲ. ತಿಳಿಯಬೇಕು ಅಂತ ಭಾವನಿಗೆ ತುಂಬ ಇತ್ತು. ಬಾಯಿ ತನಕ ಬಂದದ್ದನ್ನು ನಾನೇ ನೋಡಿದ್ದೇನೆ. ಕೇಳಲಿಲ್ಲ.

ಹೊಸ ಚಾಸಿ ಮಾಡಿಕೊಟ್ಟೆ. ಚಿಕ್ಕ ಟ್ರಾನ್ಸ್‌ಫಾರ್ಮರಿನ ಕಿಂಡಿಯನ್ನು ಅವನ ಗೀಟಿನ ಹಾಗೇ ಓರೆಯಾಗಿ ಕೊರೆದೆ. ನೋಡಿದವರು ಇದೇನು ಸೊಟ್ಟ ಅಂತ ಕೇಳುತ್ತಾರೆ. ಹೊತ್ತಿಸಿದಾಗ ಅದು ಉರಿಯುತ್ತಿದೆ ಅಂತ ಕಣ್ಣಿನಿಂದಲೇ ತಿಳಿಯಬೇಕು, ಅಷ್ಟು ಮೌನ. ಪುಟ್ಟಿ ತಂತಿ ಮುಟ್ಟಿದಳು. ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ಪೂರ್ತಿ ಕೇಳಿದಳು. ಮದುವೆಯೂ ಆಯಿತು. ಮನೆ ಮಾಡಿದರು, ಅಂಗಡಿಯ ಹಿಂದಿನ ಬೀದಿಯಲ್ಲಿ.

ಮೊನ್ನೆ ಪುಟ್ಟಿ ನನ್ನಲ್ಲಿಗೆ ಬಂದಿದ್ದಳು. ಅಡುಗೆಮನೆಯ ಗೋಡೆಗೆ ತಗಡಿನ ಒಂದು ಗೂಡು ಬೇಕು ಅಂದಳು. ಅಳತೆ ತೆಗೆದುಕೊಂಡೇ ಬಂದಿದ್ದಳು. ಉದ್ದ, ಅಗಲ, ಕಿಟಕಿಯ ಪಟ್ಟಿಗೆ ತಾಗದ ಹಾಗೆ ಮೂಲೆಯಲ್ಲಿ ಬಿಡಬೇಕಾದ ಜಾಗ, ಎಲ್ಲ ಹೇಳಿ ಬರೆಸಿ ಹೋದಳು. ಕನ್ನಡಕದ ಕೆಲಸದವಳು, ಅಳತೆಯಲ್ಲಿ ಅವಳ ಕೈ ಗಟ್ಟಿ.

ಮಾರನೆಯ ದಿನ ಸ್ಪೀಕರ್ ಬಂದ. ಒಬ್ಬನೇ.

"ಅಣ್ಣಾ, ಗೂಡಿನ ಅಳತೆ ಕೊಟ್ಟಿದಾಳಲ್ಲ. ನಾನೂ ಒಂದ್ಸಲ ತೆಗ್ದೆ. ಇಟ್ಕೊಳ್ಳಿ."

"ಅವಳಿಗೆ ಗೊತ್ತಾ?"

"ಅವಳಿಗೆ ಯಾಕೆ" ಅಂದ. ಅಳತೆಯ ಚೀಟಿ ನನ್ನ ಕೈಗೆ ಕೊಟ್ಟು ಹೋದ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದೇ. ಒಂದು ಗೀಟೂ ಆಚೆ ಈಚೆ ಇರಲಿಲ್ಲ.

ಭಾವನಿಗೆ ಹೇಳಿದೆ. ಯಾಕೆ ಹೇಳಿದೆನೋ. ಬೇರೆ ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. ಭಾವ ಈಗ ಗೇಟಿನ ಕೆಲಸ ಬಿಟ್ಟಿದ್ದಾರೆ, ಸಂಜೆ ನನ್ನ ಅಂಗಡಿಯ ಮುಂದೆ ಬಂದು ಕೂರುತ್ತಾರೆ.

"ಅವಳು ತಪ್ಪು ಕೊಟ್ಟಿದ್ಲಾ?" ಅಂದರು.

"ಇಲ್ಲ ಭಾವ."

"ಮತ್ತೆ ಅವನು ಯಾಕೆ ಬಂದ?"

ನಾನು ಸುತ್ತಿಗೆ ಹುಡುಕುವ ಹಾಗೆ ಒಳಗೆ ಹೋದೆ. ಈಚೆ ಬಂದಾಗಲೂ ಅವರು ಹಾಗೇ ಕೂತಿದ್ದರು. ರಸ್ತೆಯಲ್ಲಿ ಚೀಲ ಹಿಡಿದು ಹೋಗುವವರನ್ನೂ ನೋಡುತ್ತಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು.

"ಯಾವ ಅಳತೆಗೆ ಕತ್ತರಿಸ್ತೀಯ?"

"ಎರಡೂ ಒಂದೇ ಭಾವ."

"ಅದು ಗೊತ್ತಾಯ್ತು. ಅವನು ಕೊಟ್ಟಿದ್ದನ್ನ ಪಕ್ಕಕ್ಕಿಡು. ಅವಳು ಕೊಟ್ಟಿದ್ದಕ್ಕೆ ಕತ್ತರಿಸು."

ನಾನು ಪುಟ್ಟಿಯ ಅಳತೆಗೆ ಗೀಟು ಎಳೆದೆ. ಎಳೆದದ್ದು ಸರಿಯಿದೆಯಾ ಅಂತ ಭಾವ ಎದ್ದು ಬಂದು ನೋಡಲಿಲ್ಲ.